ಸ್ಕ್ಯಾನ್ ಆಗುತ್ತದೆ, ಫೈಲ್ ಮಾತ್ರ ಬರುವುದಿಲ್ಲ: ಆಫೀಸ್ ಸ್ಕ್ಯಾನರಿನ ನೆಟ್‌ವರ್ಕ್ ದೋಷ ಹುಡುಕುವ ಬಗೆ

ಕಾಗದ ಇಟ್ಟು ಗುಂಡಿ ಒತ್ತುತ್ತೀರಿ. ಕಾಗದ ಒಳಗೆ ಹೋಗಿ ಸರಿಯಾಗಿಯೇ ಆಚೆ ಬರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮೆಷಿನ್ ಪರದೆ ಮೇಲೆ ‘ಕನೆಕ್ಷನ್ ಎರರ್’ ಅಂತ ಒಂದು ಸಾಲು. ಎದುರಿಗೆ ಪಹಣಿ, ಸೇಲ್ ಡೀಡ್ ಹಿಡಿದು ಬಂದವರು ಕಾಯುತ್ತಾ ಕೂತಿದ್ದಾರೆ. ಫೋಲ್ಡರಿನಲ್ಲಿ ನೋಡಿದರೆ ಫೈಲ್ ಇಲ್ಲ.

ಸಣ್ಣ ಆಫೀಸುಗಳ ಸ್ಕ್ಯಾನರ್ ನೋಡಿಕೊಳ್ಳುವ ಕೆಲಸದಲ್ಲಿ ನಾನು ಜಾಸ್ತಿ ಕೇಳುವ ದೂರು ಇದೇ. ಇದರಲ್ಲಿ ಬಹುಪಾಲು ಸಲ ಮೆಷಿನ್ ಕೆಟ್ಟಿರುವುದಿಲ್ಲ. ಕೆಟ್ಟಿದೆಯೋ ಇಲ್ಲವೋ ತಿಳಿಯಲು ಒಂದು ನಿಮಿಷ ಸಾಕು. ಅದೇ ಕಾಗದದ ಒಂದು ಜೆರಾಕ್ಸ್ ತೆಗೆಯಿರಿ. ಪ್ರತಿ ಚೆನ್ನಾಗಿ ಬಂದರೆ ಗಾಜು, ದೀಪ, ರೋಲರ್ ಎಲ್ಲ ಸರಿ ಇವೆ ಎಂದರ್ಥ. ತೊಂದರೆ ಇರುವುದು ಫೈಲ್ ಹೋಗುವ ದಾರಿಯಲ್ಲಿ.

ಆ ದಾರಿಯಲ್ಲಿ ಐದು ಬಾಗಿಲುಗಳಿವೆ ಎಂದುಕೊಳ್ಳಿ. ಮೊದಲನೆಯದು ತಂತಿ ಅಥವಾ ವೈಫೈ. ಎರಡನೆಯದು ಸ್ಕ್ಯಾನರಿನ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ. ಮೂರನೆಯದು, ಎದುರಿನ ಕಂಪ್ಯೂಟರ್ ಅಥವಾ ಮೇಲ್ ಸರ್ವರ್ ಸಿಗುವುದು. ನಾಲ್ಕನೆಯದು, ಹೆಸರು ಮತ್ತು ಪಾಸ್‌ವರ್ಡನ್ನು ಅದು ಒಪ್ಪುವುದು. ಐದನೆಯದು, ಫೈಲ್ ಬರೆಯಲು ಅನುಮತಿ ಇರುವುದು. ಯಾವ ಬಾಗಿಲು ಮುಚ್ಚಿದ್ದರೂ ಎಷ್ಟೋ ಮೆಷಿನ್‌ಗಳು ಅದೇ ಒಂದು ಸಾಲು ತೋರಿಸುತ್ತವೆ. ಆದ್ದರಿಂದ ಯಾವ ಬಾಗಿಲ ಹತ್ತಿರ ನಿಂತಿದೆ ಎಂದು ನಾವೇ ಹುಡುಕಬೇಕು. ಮೊದಲನೆಯದರಿಂದ ಶುರು ಮಾಡಿದರೆ ಸಮಯ ಉಳಿಯುತ್ತದೆ. ನೇರವಾಗಿ ಪಾಸ್‌ವರ್ಡ್ ಬದಲಿಸಲು ಹೋದವರು ಸಂಜೆಯವರೆಗೂ ಅಲ್ಲೇ ಇರುತ್ತಾರೆ.

## ಕೈ ಹಾಕುವ ಮೊದಲು

ನೆಟ್‌ವರ್ಕ್ ದೋಷಕ್ಕೆ ಸ್ಕ್ರೂಡ್ರೈವರ್ ಬೇಕಾಗುವುದಿಲ್ಲ. ಮೆಷಿನ್ ಕವರ್ ಬಿಚ್ಚಬೇಡಿ. ಪ್ರಿಂಟ್ ಕೂಡ ಮಾಡುವ ಲೇಸರ್ ಮೆಷಿನ್ ಆದರೆ ಒಳಗಿನ ಫ್ಯೂಸರ್ ಭಾಗ ಆಫ್ ಮಾಡಿದ ಮೇಲೂ ಬಹಳ ಹೊತ್ತು ಸುಡುತ್ತಿರುತ್ತದೆ. ಗುಡುಗು ಮಿಂಚು ಇರುವಾಗ ಲ್ಯಾನ್ ತಂತಿ ಮುಟ್ಟಬೇಡಿ. ಮುಂಗಾರಿನ ಮೊದಲ ಮಳೆಗಳಲ್ಲಿ ಮಿಂಚಿನ ಹೊಡೆತ ತಂತಿಯಲ್ಲೇ ಹರಿದು ಬಂದು ಲ್ಯಾನ್ ಪೋರ್ಟ್ ಸುಟ್ಟಿರುವುದನ್ನು ಹಲವು ಸಲ ನೋಡಿದ್ದೇನೆ.

ಇನ್ನೊಂದು ಮಾತು. ಸೆಟ್ಟಿಂಗ್ ಬದಲಿಸುವ ಮೊದಲು ಆ ಪುಟದ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಸ್ಕ್ಯಾನ್ ಮಾಡಿ ನೋಡಿ. ಉಪಯೋಗವಾಗದಿದ್ದರೆ ಹಿಂದಿನಂತೆಯೇ ಇಡಿ. ನಾಲ್ಕು ಸೆಟ್ಟಿಂಗ್ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಇನ್ನಷ್ಟು ಕೆಟ್ಟಿತು ಎಂದು ಗೊತ್ತೇ ಆಗುವುದಿಲ್ಲ.

## ‘ಕರೆಂಟ್ ಹೋಗಿ ಬಂದ ಮೇಲೆ ನಿಂತುಬಿಟ್ಟಿದೆ’

ಮೊದಲು ಮೆಷಿನ್ ಹಿಂದೆ ಲ್ಯಾನ್ ತಂತಿ ಸಿಕ್ಕಿಸಿರುವ ಜಾಗ ನೋಡಿ. ಅಲ್ಲಿ ಹಸಿರು ಅಥವಾ ಕಿತ್ತಳೆ ಬಣ್ಣದ ಪುಟ್ಟ ದೀಪ ಉರಿಯಬೇಕು. ಉರಿಯದಿದ್ದರೆ ತಂತಿಯ ಎರಡೂ ತುದಿ ಬಿಚ್ಚಿ, ಕ್ಲಿಕ್ ಅನ್ನುವವರೆಗೆ ಒತ್ತಿ. ತುದಿಯ ಪ್ಲಾಸ್ಟಿಕ್ ನಾಲಿಗೆ ಮುರಿದಿದ್ದರೆ ತಂತಿ ನಿಧಾನವಾಗಿ ಜಾರಿಕೊಳ್ಳುತ್ತಿರುತ್ತದೆ. ಗೋಡೆ ಬದಿಯಲ್ಲಿ ಇಲಿ ಕಚ್ಚಿದೆಯೇ ಎಂದೂ ನೋಡಿ. ಆಮೇಲೆ ಚೆನ್ನಾಗಿ ಕೆಲಸ ಮಾಡುತ್ತಿರುವ ಕಂಪ್ಯೂಟರಿನ ತಂತಿಯನ್ನೇ ತಂದು ಸ್ಕ್ಯಾನರಿಗೆ ಸಿಕ್ಕಿಸಿ. ದೀಪ ಬಂದರೆ ತಂತಿಯದೋ, ತಂತಿಗಳೆಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ ಪೆಟ್ಟಿಗೆಯ ಆ ಪೋರ್ಟಿನದೋ ದೋಷ. ಈ ತಂತಿಗೂ ದೀಪ ಬರದಿದ್ದರೆ ಮೆಷಿನ್ನಿನ ಪೋರ್ಟೇ ಹೋಗಿರಬಹುದು. ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ಸರ್ವೀಸಿನವರನ್ನು ಕರೆಯಿರಿ.

ದೀಪ ಉರಿಯುತ್ತಿದ್ದರೆ ಎರಡನೇ ಬಾಗಿಲಿಗೆ ಬನ್ನಿ. ಮೆಷಿನ್ ಮೆನುವಿನಲ್ಲಿ ನೆಟ್‌ವರ್ಕ್ ಸ್ಟೇಟಸ್ ತೆರೆಯಿರಿ, ಅಥವಾ ಕಾನ್ಫಿಗರೇಶನ್ ಪೇಜ್ ಪ್ರಿಂಟ್ ಮಾಡಿ. ಅದರಲ್ಲಿ ಐಪಿ ವಿಳಾಸ ಇರುತ್ತದೆ.

ವಿಳಾಸ 169.254 ಎಂದು ಶುರುವಾದರೆ ಅರ್ಥ ಒಂದೇ. ಸ್ಕ್ಯಾನರ್ ‘ನನಗೊಂದು ವಿಳಾಸ ಕೊಡಿ’ ಎಂದು ಕೇಳಿದೆ, ಯಾರೂ ಉತ್ತರಿಸಿಲ್ಲ, ಅದು ತಾನೇ ಒಂದು ವಿಳಾಸ ಇಟ್ಟುಕೊಂಡಿದೆ. ವಿಳಾಸ ಹಂಚುವ ಈ ವ್ಯವಸ್ಥೆಯ ಹೆಸರು ಡಿಎಚ್‌ಸಿಪಿ. ಸಣ್ಣ ಆಫೀಸುಗಳಲ್ಲಿ ಆ ಕೆಲಸ ಮಾಡುವುದು ರೌಟರ್. ಕರೆಂಟ್ ಬಂದಾಗ ಸ್ಕ್ಯಾನರ್ ಬೇಗ ಏಳುತ್ತದೆ, ರೌಟರ್ ಏಳಲು ತಡವಾಗುತ್ತದೆ. ಅಷ್ಟರಲ್ಲಿ ಸ್ಕ್ಯಾನರ್ ಕೇಳಿ ಕೇಳಿ ಸುಮ್ಮನಾಗಿರುತ್ತದೆ. ರೌಟರ್ ಪೂರ್ತಿ ಆನ್ ಆಗಲಿ, ಆಮೇಲೆ ಸ್ಕ್ಯಾನರ್ ಮಾತ್ರ ಆಫ್ ಮಾಡಿ ಆನ್ ಮಾಡಿ. ಬಹಳ ಸಲ ಇಷ್ಟಕ್ಕೇ ಸರಿಹೋಗುತ್ತದೆ.

ವಿಳಾಸ 192.168.1.37 ಅಂತ ಸರಿಯಾಗಿಯೇ ಕಾಣಿಸುತ್ತಿದೆ, ಆದರೆ ನಿನ್ನೆ ಅದು 192.168.1.34 ಆಗಿತ್ತು ಎನ್ನಿ. ಆಗ ಕಂಪ್ಯೂಟರಿನ ಡ್ರೈವರ್ (ಸ್ಕ್ಯಾನರನ್ನು ನಡೆಸುವ ತಂತ್ರಾಂಶ) ಇನ್ನೂ ಹಳೆಯ ವಿಳಾಸದಲ್ಲೇ ಹುಡುಕುತ್ತಿರುತ್ತದೆ. ಇದು ಉಲ್ಟಾ ಕೂಡ ಆಗುತ್ತದೆ. ಫೈಲ್ ಪಡೆಯುವ ಕಂಪ್ಯೂಟರಿನ ವಿಳಾಸ ಬದಲಾಗಿ, ಸ್ಕ್ಯಾನರಿನ ಅಡ್ರೆಸ್ ಬುಕ್ಕಿನಲ್ಲಿ ಹಳೆಯದೇ ಉಳಿದಿರುತ್ತದೆ. ಇದಕ್ಕೆ ಶಾಶ್ವತ ಪರಿಹಾರ ರೌಟರಿನಲ್ಲಿದೆ. ಅಡ್ರೆಸ್ ರಿಸರ್ವೇಶನ್ ಎಂಬ ಪುಟ ತೆರೆದು ಸ್ಕ್ಯಾನರಿಗೂ ಆ ಕಂಪ್ಯೂಟರಿಗೂ ಒಂದೊಂದು ವಿಳಾಸ ಕಾಯಂ ಮಾಡಿ. ಮೆಷಿನ್ನಿನಲ್ಲೇ ಕೈಯಿಂದ ವಿಳಾಸ ಬರೆಯುವುದಕ್ಕಿಂತ ಇದು ಒಳ್ಳೆಯದು. ಕೈಯಿಂದ ಬರೆದರೆ ರೌಟರಿಗೆ ಅದು ತಿಳಿಯುವುದಿಲ್ಲ. ಅದೇ ವಿಳಾಸವನ್ನು ನಾಳೆ ಯಾರದೋ ಮೊಬೈಲಿಗೆ ಕೊಟ್ಟುಬಿಡಬಹುದು.

ಹಾಗೆ ಎರಡು ಸಾಧನಗಳಿಗೆ ಒಂದೇ ವಿಳಾಸ ಬಿದ್ದಾಗ ಸ್ಕ್ಯಾನ್ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಅನುಮಾನ ಬಂದರೆ ಹೀಗೆ ಮಾಡಿ. ಸ್ಕ್ಯಾನರಿನ ತಂತಿ ಕಿತ್ತು ಪಕ್ಕಕ್ಕಿಡಿ. ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಪಿಂಗ್ (ping) ಎಂದು ಇಂಗ್ಲಿಷಿನಲ್ಲಿ ಬರೆದು, ಒಂದು ಜಾಗ ಬಿಟ್ಟು ಸ್ಕ್ಯಾನರಿನ ವಿಳಾಸ ಕೊಡಿ. ತಂತಿಯೇ ಇಲ್ಲದಿದ್ದರೂ ಉತ್ತರ ಬರುತ್ತಿದ್ದರೆ, ಆ ವಿಳಾಸದಲ್ಲಿ ಬೇರೆ ಯಾರೋ ಕೂತಿದ್ದಾರೆ.

## ‘ಇಂಟರ್ನೆಟ್ ಬರುತ್ತೆ, ಸ್ಕ್ಯಾನರ್ ಮಾತ್ರ ಸಿಗಲ್ಲ’

ಸ್ಕ್ಯಾನರಿನ ತಂತಿ ಸಿಕ್ಕಿಸಿದ್ದಾಗಲೂ ಪಿಂಗಿಗೆ ಉತ್ತರವೇ ಇಲ್ಲದಿದ್ದರೆ ಎರಡೂ ಸಾಧನಗಳ ವಿಳಾಸಗಳನ್ನು ಪಕ್ಕಪಕ್ಕ ಬರೆದು ನೋಡಿ. ಸಬ್‌ನೆಟ್ ಮಾಸ್ಕ್ (ಯಾವ ವಿಳಾಸಗಳು ಒಂದೇ ನೆಟ್‌ವರ್ಕಿನವು ಎಂದು ಹೇಳುವ ಸಂಖ್ಯೆ) 255.255.255.0 ಆಗಿದ್ದರೆ ವಿಳಾಸದ ಮೊದಲ ಮೂರು ಸಂಖ್ಯೆಗಳು ಎರಡಕ್ಕೂ ಒಂದೇ ಇರಬೇಕು. ಕಂಪ್ಯೂಟರ್ 192.168.0.12, ಸ್ಕ್ಯಾನರ್ 192.168.1.37 ಎಂದಿದ್ದರೆ ಅವು ಬೇರೆ ಬೇರೆ ಓಣಿಯಲ್ಲಿವೆ.

ಇದು ಹೇಗಾಗುತ್ತದೆ ಗೊತ್ತೇ? ಫೈಬರ್ ಕಂಪನಿಯವರು ಒಂದು ಪೆಟ್ಟಿಗೆ ಇಟ್ಟು ಹೋಗಿರುತ್ತಾರೆ. ವೈಫೈ ಸಾಲದು ಎಂದು ಆಫೀಸಿನವರು ಇನ್ನೊಂದು ರೌಟರ್ ತಂದು ಅದರ ಹಿಂದೆ ಜೋಡಿಸುತ್ತಾರೆ. ಈಗ ಎರಡು ಪೆಟ್ಟಿಗೆಗಳೂ ವಿಳಾಸ ಹಂಚುತ್ತವೆ. ಎರಡರಲ್ಲೂ ಇಂಟರ್ನೆಟ್ ಬರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಸರಳ ಪರಿಹಾರ, ಸ್ಕ್ಯಾನರನ್ನೂ ಕಂಪ್ಯೂಟರುಗಳನ್ನೂ ಒಂದೇ ಪೆಟ್ಟಿಗೆಯ ಕೆಳಗೆ ತರುವುದು. ಇನ್ನೂ ಒಳ್ಳೆಯದೆಂದರೆ ಎರಡನೇ ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕುವುದು. ಆಗ ಅದು ವೈಫೈ ಮಾತ್ರ ಕೊಡುತ್ತದೆ, ವಿಳಾಸ ಹಂಚುವುದಿಲ್ಲ.

ವೈಫೈನಲ್ಲಿರುವ ಸ್ಕ್ಯಾನರ್ ಆದರೆ ಇನ್ನೆರಡು ವಿಷಯ ನೋಡಿ. ಗೆಸ್ಟ್ ವೈಫೈಗೆ ಸೇರಿಸಿದ್ದರೆ ಅದು ಇಂಟರ್ನೆಟ್ ಬಿಟ್ಟು ಬೇರೇನನ್ನೂ ನೋಡಲು ಬಿಡುವುದಿಲ್ಲ. ಗೆಸ್ಟ್ ವೈಫೈ ಇರುವುದೇ ಅದಕ್ಕೆ. ಮತ್ತೆ ಎಷ್ಟೋ ಸ್ಕ್ಯಾನರುಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು. ರೌಟರಿನಲ್ಲಿ 5 ಗಿಗಾಹರ್ಟ್ಸ್ ಒಂದನ್ನೇ ಆನ್ ಇಟ್ಟಿದ್ದರೆ, ಅಥವಾ ಭದ್ರತೆಯನ್ನು ಡಬ್ಲ್ಯುಪಿಎ3 ಮಾತ್ರ ಎಂದು ಇಟ್ಟಿದ್ದರೆ, ಹಳೆಯ ಮೆಷಿನ್ ಸೇರಿಕೊಳ್ಳುವುದೇ ಇಲ್ಲ. ಡಬ್ಲ್ಯುಪಿಎ2 ಮತ್ತು 3 ಎರಡೂ ಇರುವ ಆಯ್ಕೆ ಇಡಿ.

## ‘ಪಿಂಗ್ ಹೋಗುತ್ತೆ, ಆದರೆ ಫೋಲ್ಡರಿಗೆ ಫೈಲ್ ಬರಲ್ಲ’

ಜನ ಅತಿ ಹೆಚ್ಚು ಒದ್ದಾಡುವುದು ಇಲ್ಲಿ. ನಾನೂ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಸ್ಕ್ಯಾನರ್ ಫೋಲ್ಡರಿಗೆ ಫೈಲ್ ಬರೆಯುವುದು ಎಸ್‌ಎಂಬಿ ಎಂಬ ಪ್ರೋಟೋಕಾಲ್ (ಯಂತ್ರಗಳು ಪರಸ್ಪರ ಮಾತಾಡುವ ಕ್ರಮ) ಮೂಲಕ. ಒಂದು ಕಂಪ್ಯೂಟರಿನಿಂದ ಇನ್ನೊಂದರ ಶೇರ್ಡ್ ಫೋಲ್ಡರ್ ತೆರೆಯುತ್ತೀರಲ್ಲ, ಅದೇ. ಈಗ ಇದು ಟಿಸಿಪಿ ಪೋರ್ಟ್ 445ರಲ್ಲಿ ನಡೆಯುತ್ತದೆ. ಇಲ್ಲಿ ಪೋರ್ಟ್ ಎಂದರೆ ತಂತಿ ಸಿಕ್ಕಿಸುವ ಜಾಗವಲ್ಲ, ನೆಟ್‌ವರ್ಕಿನಲ್ಲಿ ಒಂದೊಂದು ಸೇವೆಗೂ ಇರುವ ಸಂಖ್ಯೆ. ಹಳೆಯ ಮೆಷಿನ್‌ಗಳು 139 ಕೂಡ ಬಳಸುತ್ತವೆ.

ಮೊದಲ ಪರೀಕ್ಷೆಗೆ ಖರ್ಚಿಲ್ಲ. ಸ್ಕ್ಯಾನರ್ ಬಿಡಿ, ಪಕ್ಕದ ಕಂಪ್ಯೂಟರಿಗೆ ಹೋಗಿ. ಫೈಲ್ ಎಕ್ಸ್‌ಪ್ಲೋರರಿನ ವಿಳಾಸ ಪಟ್ಟಿಯಲ್ಲಿ ಎರಡು ಹಿಂಗೆರೆ ಹಾಕಿ, ಫೈಲ್ ಬರಬೇಕಾದ ಕಂಪ್ಯೂಟರಿನ ಐಪಿ ಬರೆಯಿರಿ. ಉದಾಹರಣೆಗೆ \\192.168.1.20 ಎಂದು. ಸ್ಕ್ಯಾನರಿಗೆ ಕೊಟ್ಟಿರುವ ಅದೇ ಯೂಸರ್ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ, ಆ ಫೋಲ್ಡರಿನಲ್ಲಿ ಒಂದು ಚಿಕ್ಕ ಫೈಲ್ ಉಳಿಸಿ. ಉಳಿದರೆ ಕಂಪ್ಯೂಟರ್ ಕಡೆ ಎಲ್ಲ ಸರಿ, ದೋಷ ಸ್ಕ್ಯಾನರಿನ ಕಡೆ ಇದೆ. ಉಳಿಯದಿದ್ದರೆ ಸ್ಕ್ಯಾನರ್ ಮುಟ್ಟಲೇಬೇಡಿ, ದೋಷ ಕಂಪ್ಯೂಟರಿನಲ್ಲಿದೆ. ಈ ಒಂದು ಪರೀಕ್ಷೆ ಹುಡುಕಾಟವನ್ನು ಅರ್ಧಕ್ಕೆ ಇಳಿಸುತ್ತದೆ.

ದೋಷ ಕಂಪ್ಯೂಟರ್ ಕಡೆ ಇದ್ದರೆ ಈ ಸಾಲಿನಲ್ಲಿ ನೋಡುತ್ತಾ ಹೋಗಿ.

ಕಂಪ್ಯೂಟರ್ ಎಚ್ಚರವಿದೆಯೇ? ‘ಬೆಳಿಗ್ಗೆ ಬರುತ್ತೆ, ಊಟ ಆದ ಮೇಲೆ ಬರಲ್ಲ’ ಎಂದು ಒಂದು ಆಡಿಟರ್ ಆಫೀಸಿನವರು ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದರು. ಊಟದ ಹೊತ್ತಿಗೆ ಆ ಕಂಪ್ಯೂಟರ್ ಸ್ಲೀಪಿಗೆ ಹೋಗುತ್ತಿತ್ತು, ಅಷ್ಟೇ. ಪವರ್ ಸೆಟ್ಟಿಂಗಿನಲ್ಲಿ ಸ್ಲೀಪ್ ‘ನೆವರ್’ ಎಂದು ಇಟ್ಟೆವು. ಪರದೆ ಆರಿದರೆ ತೊಂದರೆ ಇಲ್ಲ, ಕಂಪ್ಯೂಟರ್ ಮಲಗಬಾರದು.

ನೆಟ್‌ವರ್ಕ್ ಪ್ರೊಫೈಲ್ ಯಾವುದಿದೆ? ರೌಟರ್ ಬದಲಿಸಿದ ಮೇಲೆ ವಿಂಡೋಸ್ ಹೊಸ ನೆಟ್‌ವರ್ಕನ್ನು ‘ಪಬ್ಲಿಕ್’ ಎಂದು ಗುರುತಿಸಿರುತ್ತದೆ. ಆಗ ಕಂಪ್ಯೂಟರಿನ ಕಾವಲುಗಾರನಾದ ಫೈರ್‌ವಾಲ್ ಹೊರಗಿನಿಂದ ಬರುವ ಎಸ್‌ಎಂಬಿಯನ್ನು ತಡೆಯುತ್ತದೆ. ನಿಮ್ಮ ಸ್ವಂತ ಆಫೀಸಿನ ನೆಟ್‌ವರ್ಕ್ ಆದರೆ ‘ಪ್ರೈವೇಟ್’ ಮಾಡಿ, ಫೈಲ್ ಶೇರಿಂಗ್ ಆನ್ ಮಾಡಿ. ಫೈರ್‌ವಾಲನ್ನೇ ಪೂರ್ತಿ ಆಫ್ ಮಾಡಿಬಿಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಪಾಸ್‌ವರ್ಡ್ ಕೊಡುತ್ತಿದ್ದೀರೋ, ಪಿನ್ ಕೊಡುತ್ತಿದ್ದೀರೋ? ವಿಂಡೋಸ್ ತೆರೆಯಲು ದಿನಾ ಒತ್ತುವ ನಾಲ್ಕಾರು ಅಂಕಿಯ ಪಿನ್ ಆ ಕಂಪ್ಯೂಟರಿನಲ್ಲಿ ಮಾತ್ರ ಕೆಲಸ ಮಾಡುತ್ತದೆ. ನೆಟ್‌ವರ್ಕಿನಿಂದ ಬರುವವರಿಗೆ ಅದು ನಡೆಯುವುದಿಲ್ಲ. ನನ್ನ ಸಲಹೆ, ಸ್ಕ್ಯಾನರಿಗೆಂದೇ ಒಂದು ಬೇರೆ ಲೋಕಲ್ ಯೂಸರ್ ಮಾಡಿ. ಅದಕ್ಕೆ ಅಡ್ಮಿನ್ ಅಧಿಕಾರ ಬೇಡ. ಯಾರಾದರೂ ತಮ್ಮ ಸ್ವಂತ ಪಾಸ್‌ವರ್ಡ್ ಬದಲಿಸಿದ ದಿನ ಸ್ಕ್ಯಾನರ್ ನಿಲ್ಲುವುದೂ ಇದರಿಂದ ತಪ್ಪುತ್ತದೆ. ಯೂಸರ್ ಮಾಡುವಾಗ ‘ಪಾಸ್‌ವರ್ಡ್ ನೆವರ್ ಎಕ್ಸ್‌ಪೈರ್ಸ್’ ಎಂಬ ಗುರುತು ಹಾಕಿ. ವಿಂಡೋಸಿನ ಮೂಲ ನಿಯಮದಲ್ಲಿ ಪಾಸ್‌ವರ್ಡಿನ ಆಯಸ್ಸು 42 ದಿನ. ಹೊಸದಾಗಿ ಜೋಡಿಸಿದ ಸ್ಕ್ಯಾನರ್ ಸುಮಾರು ಒಂದೂವರೆ ತಿಂಗಳು ಚೆನ್ನಾಗಿ ನಡೆದು ಇದ್ದಕ್ಕಿದ್ದಂತೆ ನಿಂತರೆ ನಾನು ಮೊದಲು ನೋಡುವುದು ಇದನ್ನೇ.

ಅನುಮತಿ ಎರಡು ಕಡೆ ಇದೆ, ಇದು ನೆನಪಿರಲಿ. ಫೋಲ್ಡರಿನ ‘ಶೇರಿಂಗ್’ ಪುಟದಲ್ಲಿ ಒಂದು, ‘ಸೆಕ್ಯುರಿಟಿ’ ಪುಟದಲ್ಲಿ ಇನ್ನೊಂದು. ಸ್ಕ್ಯಾನ್ ಯೂಸರಿಗೆ ಎರಡರಲ್ಲೂ ಬರೆಯುವ ಅನುಮತಿ ಬೇಕು. ಒಂದರಲ್ಲಿ ಓದುವುದು ಮಾತ್ರ ಇದ್ದರೆ, ಫೋಲ್ಡರ್ ತೆರೆಯುತ್ತದೆ, ಫೈಲ್ ಉಳಿಯುವುದಿಲ್ಲ. ಐದನೇ ಬಾಗಿಲು ಅಂದೆನಲ್ಲ, ಅದು ಇದು.

ಇನ್ನು ಪಕ್ಕದ ಕಂಪ್ಯೂಟರಿನಿಂದ ಫೈಲ್ ಉಳಿಯಿತು, ಸ್ಕ್ಯಾನರಿನಿಂದ ಮಾತ್ರ ಬರುತ್ತಿಲ್ಲ ಎನ್ನಿ. ಮೊದಲು ಅಡ್ರೆಸ್ ಬುಕ್ಕಿನ ನಮೂದನ್ನು ನೋಡಿ. ಕಂಪ್ಯೂಟರಿನ ಹೆಸರಿನ ಬದಲು ಐಪಿ ಹಾಕಿ ನೋಡಿ. ಐಪಿಯಲ್ಲಿ ಬಂದು ಹೆಸರಿನಲ್ಲಿ ಬರದಿದ್ದರೆ, ಹೆಸರನ್ನು ವಿಳಾಸವಾಗಿ ಬದಲಿಸುವ ಕೆಲಸ ಕೆಟ್ಟಿದೆ. ಶೇರ್ ಹೆಸರು ಇಂಗ್ಲಿಷಿನಲ್ಲೇ ಇರಲಿ, ಚಿಕ್ಕದಿರಲಿ, ನಡುವೆ ಜಾಗ ಬೇಡ. ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರ್ ವಿಂಡೋಸಿಗೆ ಚೆನ್ನಾಗಿ ಅರ್ಥವಾಗುತ್ತದೆ, ಕೆಲವು ಸ್ಕ್ಯಾನರುಗಳಿಗೆ ಆಗುವುದಿಲ್ಲ. ಪಾಸ್‌ವರ್ಡನ್ನು ಮೆಷಿನ್ನಿನ ಚಿಕ್ಕ ಪರದೆ ಮೇಲೆ ಒತ್ತಬೇಡಿ, ದೊಡ್ಡಕ್ಷರ ಚಿಕ್ಕಕ್ಷರ ತಪ್ಪುತ್ತದೆ. ಬ್ರೌಸರಿನಲ್ಲಿ ಸ್ಕ್ಯಾನರಿನ ಐಪಿ ಬರೆದರೆ ಅದರದೇ ಸೆಟ್ಟಿಂಗ್ ಪುಟ ತೆರೆಯುತ್ತದೆ. ಅಲ್ಲಿ ಕೀಬೋರ್ಡಿನಲ್ಲಿ ಬರೆಯಿರಿ. ತಪ್ಪು ಪಾಸ್‌ವರ್ಡಿನಿಂದ ಮತ್ತೆ ಮತ್ತೆ ಪ್ರಯತ್ನಿಸಲೂ ಬೇಡಿ. ಹೊಸದಾಗಿ ಹಾಕಿದ ವಿಂಡೋಸ್ 11ರಲ್ಲಿ 10 ಸಲ ತಪ್ಪಿದರೆ ಆ ಯೂಸರಿಗೆ 10 ನಿಮಿಷ ಬೀಗ ಬೀಳುತ್ತದೆ. ಆ ಹೊತ್ತಿನಲ್ಲಿ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಒಪ್ಪುವುದಿಲ್ಲ.

## ‘ವಿಂಡೋಸ್ ಅಪ್‌ಡೇಟ್ ಆದ ದಿನದಿಂದ ಬರ್ತಿಲ್ಲ’

ಇದಕ್ಕೆ ಹಿಂದಿನ ಕಥೆ ಸ್ವಲ್ಪ ಗೊತ್ತಿರಬೇಕು. ಎಸ್‌ಎಂಬಿಯಲ್ಲಿ ಹಳೆಯ 1, ಆಮೇಲಿನ 2, ಈಗಿನ 3 ಎಂದು ಆವೃತ್ತಿಗಳಿವೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನ ತುಂಬ ಹರಡಿತು. ಕಂಪ್ಯೂಟರಿನ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುತ್ತಿತ್ತು. ಬ್ರಿಟನ್ನಿನ ಆಸ್ಪತ್ರೆಗಳ ಕೆಲಸವೂ ನಿಂತಿತು. ಅದು ಹರಡಿದ್ದು ಎಸ್‌ಎಂಬಿ 1ರಲ್ಲಿದ್ದ ಒಂದು ತೂತಿನಿಂದ. ಅದೇ ವರ್ಷದ ಕೊನೆಯ ಭಾಗದಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಎಸ್‌ಎಂಬಿ 1 ತಾನಾಗಿ ಇನ್‌ಸ್ಟಾಲ್ ಆಗುವುದು ನಿಂತಿತು.

ಎಸ್‌ಎಂಬಿ 1 ಬಿಟ್ಟು ಬೇರೇನೂ ಗೊತ್ತಿಲ್ಲದ ಹಳೆಯ ಸ್ಕ್ಯಾನರುಗಳು ಇವತ್ತಿಗೂ ಆಫೀಸುಗಳಲ್ಲಿವೆ. ಹೊಸ ಕಂಪ್ಯೂಟರ್ ತಂದ ದಿನವೇ ಅವುಗಳ ಮಾತು ನಿಲ್ಲುತ್ತದೆ. ಆಗ ಎಷ್ಟೋ ಕಡೆ ಒಂದು ಸುಲಭ ಉಪಾಯ ಹೇಳುತ್ತಾರೆ: ವಿಂಡೋಸ್ ಫೀಚರ್ಸ್ ತೆರೆದು ಎಸ್‌ಎಂಬಿ 1 ಆನ್ ಮಾಡಿ, ಆಯ್ತು. ದಯವಿಟ್ಟು ಹಾಗೆ ಮಾಡಬೇಡಿ. ಸ್ಕ್ಯಾನ್ ಬರುತ್ತದೆ ನಿಜ. ಆದರೆ ನಿಮ್ಮ ಕಕ್ಷಿದಾರರ ಆಧಾರ್ ಪ್ರತಿ, ಜಿಎಸ್‌ಟಿ ಲೆಕ್ಕ ಎಲ್ಲ ಇರುವ ಕಂಪ್ಯೂಟರಿನ ಹಿತ್ತಿಲ ಬಾಗಿಲನ್ನು ನೀವೇ ತೆರೆದಿಟ್ಟ ಹಾಗಾಗುತ್ತದೆ. ಮೊದಲು ಸ್ಕ್ಯಾನರಿನ ಸೆಟ್ಟಿಂಗ್ ಪುಟದಲ್ಲಿ ಎಸ್‌ಎಂಬಿ ಆವೃತ್ತಿ ಬದಲಿಸುವ ಆಯ್ಕೆ ಇದೆಯೇ ನೋಡಿ. ಇಲ್ಲದಿದ್ದರೆ ತಯಾರಕರ ತಾಣದಲ್ಲಿ ನಿಮ್ಮ ಮಾದರಿಗೆ ಹೊಸ ಫರ್ಮ್‌ವೇರ್ (ಮೆಷಿನ್ ಒಳಗೇ ಇರುವ ತಂತ್ರಾಂಶ) ಇದೆಯೇ ಹುಡುಕಿ. ಅದೂ ಇಲ್ಲದಿದ್ದರೆ ಮೇಲ್ ಮೂಲಕ, ಪೆನ್‌ಡ್ರೈವಿಗೆ, ಅಥವಾ ಕಂಪ್ಯೂಟರಿನ ಡ್ರೈವರಿನಿಂದ ಸ್ಕ್ಯಾನ್ ಮಾಡಿಕೊಳ್ಳಿ. ಒಂದೆರಡು ಹೆಜ್ಜೆ ಜಾಸ್ತಿ, ಆದರೆ ನೆಮ್ಮದಿ.

ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಇನ್ನೊಂದು ಬದಲಾವಣೆ ಬಂತು. ಪ್ರೊ, ಎಂಟರ್‌ಪ್ರೈಸ್, ಎಜುಕೇಶನ್ ಆವೃತ್ತಿಗಳಲ್ಲಿ ಎಸ್‌ಎಂಬಿ ಸೈನಿಂಗ್ ಈಗ ಕಡ್ಡಾಯ. ಅಂದರೆ ಬರುವ ಪ್ರತಿ ಸಂದೇಶದ ಮೇಲೂ ಕಳಿಸಿದವರ ಮುದ್ರೆ ಇರಬೇಕು. ಪಾಸ್‌ವರ್ಡ್ ಇಲ್ಲದೆ ಗೆಸ್ಟ್ ಆಗಿ ಬಂದವರಿಗೆ ಮುದ್ರೆ ಹಾಕಲು ಆಗುವುದಿಲ್ಲ. ಆದ್ದರಿಂದ ‘ಎವ್ರಿವನ್’ ಎಂದು ಶೇರ್ ಮಾಡಿ, ಪಾಸ್‌ವರ್ಡ್ ಇಲ್ಲದೆ ನಡೆಸುತ್ತಿದ್ದ ಸ್ಕ್ಯಾನರುಗಳು ಈ ಅಪ್‌ಡೇಟಿನ ಮರುದಿನ ನಿಂತವು. ಮೇಲೆ ಹೇಳಿದ ಹಾಗೆ ಪಾಸ್‌ವರ್ಡ್ ಇರುವ ಯೂಸರ್ ಮಾಡಿದರೆ ಹೆಚ್ಚಿನವು ಸರಿಹೋಗುತ್ತವೆ. ಆಮೇಲೂ ಬರದಿದ್ದರೆ ಸ್ಕ್ಯಾನರಿನ ಪುಟದಲ್ಲಿ ಸೈನಿಂಗ್ ಆಯ್ಕೆ ಹುಡುಕಿ, ಫರ್ಮ್‌ವೇರ್ ನೋಡಿ. ಕಂಪ್ಯೂಟರಿನಲ್ಲಿ ಈ ನಿಯಮ ಸಡಿಲಿಸುವ ದಾರಿ ಇದೆ. ಆ ನಿರ್ಧಾರವನ್ನು ಆಫೀಸಿನ ನೆಟ್‌ವರ್ಕಿಗೆ ಜವಾಬ್ದಾರರಾದವರು ತೆಗೆದುಕೊಳ್ಳಬೇಕು, ಅವಸರದಲ್ಲಿರುವ ನೀವಲ್ಲ.

## ‘ಫೋಲ್ಡರಿಗೆ ಬರುತ್ತೆ, ಮೇಲ್ ಹೋಗಲ್ಲ’

ಇದು ಒಳ್ಳೆಯ ಸುಳಿವು. ತಂತಿ ಸರಿ, ವಿಳಾಸ ಸರಿ. ಆಫೀಸಿನ ಒಳಗೆ ಓಡಾಡಲು ಸ್ಕ್ಯಾನರಿಗೆ ಆಗುತ್ತಿದೆ, ಹೊರಗೆ ಹೋಗಲು ಆಗುತ್ತಿಲ್ಲ. ಮೊದಲು ಗೇಟ್‌ವೇ ಮತ್ತು ಡಿಎನ್‌ಎಸ್ ನೋಡಿ. ಕೈಯಿಂದ ಐಪಿ ಬರೆದವರು ಈ ಎರಡನ್ನು ಖಾಲಿ ಬಿಟ್ಟಿರುವುದೇ ಜಾಸ್ತಿ. ಗೇಟ್‌ವೇ ಎಂದರೆ ರೌಟರಿನ ವಿಳಾಸ. ಡಿಎನ್‌ಎಸ್ ಎಂದರೆ ಮೇಲ್ ಸರ್ವರಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ. ಅಲ್ಲೂ ರೌಟರಿನ ವಿಳಾಸವನ್ನೇ ಹಾಕಬಹುದು, ಅಥವಾ ಗೂಗಲ್ಲಿನ 8.8.8.8.

ಎರಡೂ ಸರಿ ಇದ್ದರೆ ಪೋರ್ಟ್ ನೋಡಿ. ಮೇಲ್ ಕಳಿಸುವ ಪ್ರೋಟೋಕಾಲ್ ಎಸ್‌ಎಂಟಿಪಿ. ಅದರ ಹಳೆಯ ಪೋರ್ಟ್ 25. ಸ್ಪ್ಯಾಮ್ ತಡೆಯಲು ಇಂಟರ್ನೆಟ್ ಕಂಪನಿಗಳು ಅದನ್ನು ಮುಚ್ಚಿಡುವುದು ಸಾಮಾನ್ಯ. 587 ಹಾಕಿ, ಭದ್ರತೆ ‘ಸ್ಟಾರ್ಟ್‌ಟಿಎಲ್‌ಎಸ್’ ಇಡಿ. 465 ಹಾಕಿದರೆ ಭದ್ರತೆ ‘ಎಸ್‌ಎಸ್‌ಎಲ್’ ಅಥವಾ ‘ಟಿಎಲ್‌ಎಸ್’ ಇರಬೇಕು. ಪೋರ್ಟ್ ಒಂದರದು, ಭದ್ರತೆ ಇನ್ನೊಂದರದು ಆದರೆ ಸ್ಕ್ಯಾನರ್ ಬಹಳ ಹೊತ್ತು ಕಾದು ಸುಮ್ನೆ ಕೈ ಬಿಡುತ್ತದೆ.

ಸ್ಕ್ಯಾನರಿನ ಲಾಗಿನಲ್ಲಿ ಮೂರು ಅಂಕಿಯ ಸಂಖ್ಯೆ ಕಂಡರೆ ಅದೃಷ್ಟ. ಅದು ಮೇಲ್ ಸರ್ವರೇ ಕೊಟ್ಟ ಉತ್ತರ. ಅಂದರೆ ಮೂರನೇ ಬಾಗಿಲು ದಾಟಿದ್ದೀರಿ. 535 ಎಂದರೆ ಹೆಸರು ಅಥವಾ ಪಾಸ್‌ವರ್ಡ್ ಒಪ್ಪಲಿಲ್ಲ. 530 ಎಂದರೆ ಮೊದಲು ಲಾಗಿನ್ ಅಥವಾ ಭದ್ರತೆ ಆನ್ ಮಾಡಿ ಬಾ ಎಂದು. 550 ಬಂದರೆ ಪಡೆಯುವವರ ವಿಳಾಸ ತಪ್ಪಿರಬಹುದು, ಅಥವಾ ನಿಮ್ಮ ಪರವಾಗಿ ಕಳಿಸಲು ಸರ್ವರ್ ಒಪ್ಪುತ್ತಿಲ್ಲ. ‘ಫ್ರಂ’ ವಿಳಾಸವೂ ಲಾಗಿನ್ ವಿಳಾಸವೂ ಒಂದೇ ಇರಲಿ. 552 ಎಂದರೆ ಫೈಲ್ ದೊಡ್ಡದಾಯಿತು.

ಜಿಮೇಲ್ ಬಳಸುವವರು 535 ನೋಡುವುದು ಬಹುಪಾಲು ಒಂದೇ ಕಾರಣಕ್ಕೆ. 2022ರ ಮೇ 30ರಿಂದ ಗೂಗಲ್ ಬರೀ ಹೆಸರು ಮತ್ತು ಪಾಸ್‌ವರ್ಡಿನ ಲಾಗಿನ್ ನಿಲ್ಲಿಸಿತು. ಈಗ ಆ ಖಾತೆಗೆ ಎರಡು ಹಂತದ ಪರಿಶೀಲನೆ ಆನ್ ಮಾಡಬೇಕು. ಆಮೇಲೆ ಸ್ಕ್ಯಾನರಿಗೆಂದು 16 ಅಕ್ಷರಗಳ ‘ಆಪ್ ಪಾಸ್‌ವರ್ಡ್’ ಪಡೆಯಬೇಕು. ಅದನ್ನು ನಡುವೆ ಜಾಗ ಬಿಡದೆ ಬರೆಯಿರಿ. ಯಾರಾದರೂ ಆ ಖಾತೆಯ ಮೂಲ ಪಾಸ್‌ವರ್ಡ್ ಬದಲಿಸಿದರೆ ಆಪ್ ಪಾಸ್‌ವರ್ಡುಗಳೆಲ್ಲ ರದ್ದಾಗುತ್ತವೆ. ಹೊಸದು ಪಡೆದು ಮತ್ತೆ ಹಾಕಬೇಕು. ಇದಕ್ಕೆ ಯಜಮಾನರ ಸ್ವಂತ ಜಿಮೇಲ್ ಬಳಸಬೇಡಿ, ಸ್ಕ್ಯಾನಿಗೆಂದೇ ಒಂದು ಖಾತೆ ತೆರೆಯಿರಿ.

ಮೈಕ್ರೋಸಾಫ್ಟ್ 365 ಮೇಲ್ ಆದರೆ ಸ್ಕ್ಯಾನರಿಗೆ ಟಿಎಲ್‌ಎಸ್ ಭದ್ರತೆಯ 1.2 ಆವೃತ್ತಿ ಗೊತ್ತಿರಬೇಕು. ಅಲ್ಲಿ ಬರೀ ಪಾಸ್‌ವರ್ಡಿನ ಲಾಗಿನ್ ಕೂಡ ಹಂತ ಹಂತವಾಗಿ ಹೋಗುತ್ತಿದೆ. ಹಳೆಯ ಮೆಷಿನ್ ಇದ್ದರೆ ನಿಮ್ಮ ಮೇಲ್ ನೋಡಿಕೊಳ್ಳುವವರ ಜೊತೆ ಈಗಲೇ ಮಾತಾಡಿ.

ಒಂದು ಪುಟ ಹೋಗುತ್ತದೆ, ಐವತ್ತು ಪುಟ ಹೋಗುವುದಿಲ್ಲ ಎಂದರೆ ಗಾತ್ರದ ಸಮಸ್ಯೆ. ಜಿಮೇಲಿನ ಮಿತಿ 25 ಎಂಬಿ. ಆದರೆ ಮೇಲಿನಲ್ಲಿ ಹೋಗುವಾಗ ಫೈಲ್ ಮೂರನೇ ಒಂದರಷ್ಟು ಉಬ್ಬುತ್ತದೆ. ಆದ್ದರಿಂದ ಸ್ಕ್ಯಾನ್ 18 ಎಂಬಿಯೊಳಗೆ ಇರಲಿ.

## ‘ಕಂಪ್ಯೂಟರಿನಿಂದ ಹುಡುಕಿದರೆ ಸ್ಕ್ಯಾನರ್ ಪಟ್ಟಿಯಲ್ಲೇ ಇಲ್ಲ’

ಪಟ್ಟಿಯಲ್ಲಿ ಕಾಣಿಸಿಕೊಳ್ಳಲು ಸ್ಕ್ಯಾನರ್ ‘ನಾನಿಲ್ಲಿದ್ದೇನೆ’ ಎಂದು ಕೂಗಿ ಹೇಳಬೇಕು. ವಿಂಡೋಸ್ ಕೇಳಿಸಿಕೊಳ್ಳುವುದು ಡಬ್ಲ್ಯುಎಸ್‌ಡಿ ಎಂಬ ಬಗೆಯ ಕೂಗನ್ನು, ಯುಡಿಪಿ ಪೋರ್ಟ್ 3702ರಲ್ಲಿ. ಆಪಲ್ ಕಂಪ್ಯೂಟರ್, ಐಫೋನ್, ಲಿನಕ್ಸ್ ಇವು ಎಂಡಿಎನ್‌ಎಸ್ ಕೂಗನ್ನು ಕೇಳುತ್ತವೆ, ಯುಡಿಪಿ ಪೋರ್ಟ್ 5353ರಲ್ಲಿ. ಆಪಲ್ಲಿನವರು ಅದಕ್ಕೆ ಬೊಂಜೂರ್ ಎನ್ನುತ್ತಾರೆ. ಈ ಕೂಗು ತನ್ನ ಓಣಿ ದಾಟಿ ಕೇಳಿಸುವುದಿಲ್ಲ. ಎರಡು ರೌಟರ್, ಗೆಸ್ಟ್ ವೈಫೈ ಇರುವ ಕಡೆ ಸ್ಕ್ಯಾನರ್ ಕಾಣದಿರುವುದು ಇದಕ್ಕೇ.

ಕೂಗು ಕೇಳಿಸದಿದ್ದರೂ ಪಿಂಗ್ ಹೋಗುತ್ತಿದ್ದರೆ ಹುಡುಕಾಟ ಬಿಡಿ. ತಯಾರಕರ ಡ್ರೈವರ್ ಹಾಕಿ, ‘ಐಪಿ ವಿಳಾಸದಿಂದ ಸೇರಿಸು’ ಆಯ್ಕೆ ಆರಿಸಿ. ನನ್ನ ಅನುಭವದಲ್ಲಿ ಡಬ್ಲ್ಯುಎಸ್‌ಡಿಗಿಂತ ಈ ದಾರಿ ಎಷ್ಟೋ ಗಟ್ಟಿ. ಹೊಸ ಮೆಷಿನ್‌ಗಳಲ್ಲಿ ಇಎಸ್‌ಸಿಎಲ್ ಎಂಬ ಪ್ರೋಟೋಕಾಲ್ ಇರುತ್ತದೆ, ಸೆಟ್ಟಿಂಗಿನಲ್ಲಿ ಏರ್‌ಪ್ರಿಂಟ್ ಅಥವಾ ಏರ್‌ಸ್ಕ್ಯಾನ್ ಎಂದು ಕಾಣಿಸಬಹುದು. ಅದನ್ನು ಆನ್ ಇಡಿ. ತಯಾರಕರ ಡ್ರೈವರ್ ಇಲ್ಲದೆಯೂ ಮ್ಯಾಕ್, ಲಿನಕ್ಸ್ ಎರಡರಿಂದಲೂ ಸ್ಕ್ಯಾನ್ ಆಗುತ್ತದೆ. ವಿಂಡೋಸಿನಲ್ಲಿ ಇದೇ ಪ್ರೋಟೋಕಾಲ್ ಬಳಸಬೇಕೆಂದರೆ ನ್ಯಾಪ್ಸ್2 ಎಂಬ ಉಚಿತ ತಂತ್ರಾಂಶ ಚೆನ್ನಾಗಿದೆ.

## ‘ಶುರುವಾಗುತ್ತೆ, ಅರ್ಧಕ್ಕೆ ನಿಲ್ಲುತ್ತೆ’

ಮೊದಲು ರೆಸಲ್ಯೂಶನ್ ನೋಡಿ. ಎ4 ಪುಟವನ್ನು 300 ಡಿಪಿಐ ಬಣ್ಣದಲ್ಲಿ ತೆಗೆದರೆ ಕುಗ್ಗಿಸುವ ಮೊದಲು ಅದು ಸುಮಾರು 26 ಎಂಬಿ. 600 ಡಿಪಿಐ ಮಾಡಿದರೆ ಎರಡರಷ್ಟಲ್ಲ, ನಾಲ್ಕರಷ್ಟು, ಸುಮಾರು 104 ಎಂಬಿ. ಅದೇ 300 ಡಿಪಿಐ ಬರೀ ಕಪ್ಪು ಬಿಳುಪು ಆದರೆ ಒಂದು ಎಂಬಿ ಚಿಲ್ಲರೆ. ಕಾಗದಪತ್ರಕ್ಕೆ 300 ಸಾಕು. ಮೆಷಿನ್ನಿನ ಮೆಮೊರಿ ತುಂಬಿ ನಿಲ್ಲುವುದು, ಕಂಪ್ಯೂಟರಿನ ಡಿಸ್ಕ್ ತುಂಬಿ ನಿಲ್ಲುವುದು ಎರಡೂ ಆಗುತ್ತವೆ.

ಇಷ್ಟಾದರೂ ನಿಧಾನವಾಗಿದ್ದರೆ ಲಿಂಕ್ ಸ್ಪೀಡ್ ನೋಡಿ. ಯಾರೋ ಹಿಂದೆ ಸ್ಕ್ಯಾನರಿನಲ್ಲಿ ‘100 ಫುಲ್’ ಎಂದು ಕಟ್ಟಿಹಾಕಿದ್ದರೆ, ‘ಆಟೋ’ದಲ್ಲಿರುವ ನೆಟ್‌ವರ್ಕ್ ಸ್ವಿಚ್ ಅದನ್ನು ತಿಳಿಯದೆ ಹಾಫ್ ಡ್ಯೂಪ್ಲೆಕ್ಸಿಗೆ, ಅಂದರೆ ಒಂದು ಹೊತ್ತಿಗೆ ಒಂದೇ ದಿಕ್ಕಿನಲ್ಲಿ ಸಾಗಿಸುವ ಬಗೆಗೆ, ಇಳಿಯುತ್ತದೆ. ಪಿಂಗ್ ಚೆನ್ನಾಗಿ ಹೋಗುತ್ತದೆ, ದೊಡ್ಡ ಫೈಲ್ ತೆವಳುತ್ತದೆ. ಎರಡೂ ಕಡೆ ಆಟೋ ಇಡಿ. ತಂತಿಯ ಉದ್ದ 100 ಮೀಟರ್ ಮೀರಿರಬಾರದು.

ಫೋಲ್ಡರಿಗೆ ಫೈಲ್ ಕಳಿಸಲು ಎಸ್‌ಎಂಬಿ ಬದಲು ಎಫ್‌ಟಿಪಿ ಎಂಬ ಪ್ರೋಟೋಕಾಲ್ ಬಳಸುವವರಿಗೆ ಒಂದು ಮಾತು. ಲಾಗಿನ್ ಆಗಿ, ಸೊನ್ನೆ ಕೆಬಿ ಫೈಲ್ ಮಾತ್ರ ಬಂದರೆ ಸೆಟ್ಟಿಂಗಿನಲ್ಲಿ ‘ಪ್ಯಾಸಿವ್ ಮೋಡ್’ ಬದಲಿಸಿ ನೋಡಿ. ಎಫ್‌ಟಿಪಿ ಲಾಗಿನ್‌ಗೆ ಪೋರ್ಟ್ 21, ಫೈಲ್ ಸಾಗಿಸಲು ಬೇರೊಂದು ಸಂಪರ್ಕ ಬಳಸುತ್ತದೆ. ಫೈರ್‌ವಾಲ್ ತಡೆಯುವುದು ಆ ಎರಡನೆಯದನ್ನು. ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಮುಚ್ಚುಮರೆ ಇಲ್ಲದೆ ಹೋಗುತ್ತದೆ, ಆಫೀಸಿನ ಒಳಗೆ ಮಾತ್ರ ಬಳಸಿ.

## ‘ಎಲ್ಲ ಸರಿ ಇದೆ, ಆದರೂ ಸರ್ಟಿಫಿಕೇಟ್ ಎರರ್’

ಮೆಷಿನ್ನಿನ ಗಡಿಯಾರ ನೋಡಿ. ಒಳಗಿನ ಬ್ಯಾಟರಿ ಸತ್ತರೆ ಕರೆಂಟ್ ಹೋದಾಗಲೆಲ್ಲ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಸರ್ಟಿಫಿಕೇಟ್ ಎಂದರೆ ಸರ್ವರ್ ತೋರಿಸುವ ಗುರುತಿನ ಚೀಟಿ. ಆ ತಾರೀಖಿನಲ್ಲಿ ಇವತ್ತಿನ ಸರ್ಟಿಫಿಕೇಟ್ ಇನ್ನೂ ಹುಟ್ಟಿಯೇ ಇಲ್ಲ, ಹಾಗಾಗಿ ಸ್ಕ್ಯಾನರ್ ಒಪ್ಪುವುದಿಲ್ಲ. ಡೊಮೇನ್ (ಎಲ್ಲರ ಲಾಗಿನ್ ಒಂದೇ ಕಡೆ ನೋಡಿಕೊಳ್ಳುವ ವ್ಯವಸ್ಥೆ) ಇರುವ ದೊಡ್ಡ ಆಫೀಸುಗಳಲ್ಲಿ ಕರ್ಬರೋಸ್ ಎಂಬ ಬಗೆಯ ಲಾಗಿನ್ ಗಡಿಯಾರದಲ್ಲಿ ಐದು ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಸಹಿಸುವುದಿಲ್ಲ. ನೆಟ್‌ವರ್ಕಿನಿಂದ ಸರಿಯಾದ ಸಮಯ ತರುವ ಎನ್‌ಟಿಪಿ ಆನ್ ಮಾಡಿ, ಸಮಯ ವಲಯ +5:30 ಇಡಿ. ದೆಹಲಿಯ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ ಕೂಡ ಎನ್‌ಟಿಪಿ ಸರ್ವರ್ ನಡೆಸುತ್ತದೆ, ಅದನ್ನೇ ಹಾಕಿಕೊಳ್ಳಬಹುದು.

## ಎಲ್ಲಿ ನಿಲ್ಲಿಸಬೇಕು

ಬೇರೆ ತಂತಿ ಹಾಕಿದರೂ ಪೋರ್ಟ್ ದೀಪ ಬರದಿದ್ದರೆ ನಿಲ್ಲಿಸಿ. ಸುಟ್ಟ ವಾಸನೆ ಬಂದರೆ, ಮೆಷಿನ್ ಮುಟ್ಟಿದಾಗ ಶಾಕ್ ಹೊಡೆದಂತಾದರೆ ಗೋಡೆಯ ಸ್ವಿಚ್ ಆಫ್ ಮಾಡಿ, ಮೊದಲು ಎಲೆಕ್ಟ್ರಿಷಿಯನ್‌ಗೆ ಅರ್ಥಿಂಗ್ ತೋರಿಸಿ. ಫರ್ಮ್‌ವೇರ್ ಅಪ್‌ಡೇಟ್ ಅರ್ಧದಲ್ಲಿ ನಿಂತಿದ್ದರೆ ಮತ್ತೆ ಮತ್ತೆ ಆಫ್ ಆನ್ ಮಾಡಬೇಡಿ, ಸರ್ವೀಸಿಗೆ ಬಿಡಿ. ಆ ಅಪ್‌ಡೇಟ್ ಶುರು ಮಾಡುವುದೇ ಆದರೆ ಕರೆಂಟ್ ಗ್ಯಾರಂಟಿ ಇರುವ ಹೊತ್ತಿನಲ್ಲಿ ಮಾಡಿ. ಮೆಷಿನ್ ಬಾಡಿಗೆಯದ್ದಾಗಿದ್ದರೆ ಅಥವಾ ಎಎಂಸಿಯಲ್ಲಿದ್ದರೆ ಅವರನ್ನು ಕೇಳಿಯೇ ಫರ್ಮ್‌ವೇರ್ ಮುಟ್ಟಿ.

ಮನೆಯಿಂದಲೂ ಸ್ಕ್ಯಾನ್ ನೋಡಬೇಕು ಎಂದು ರೌಟರಿನಲ್ಲಿ 445 ಅಥವಾ ಸ್ಕ್ಯಾನರಿನ ಪುಟವನ್ನು ಇಂಟರ್ನೆಟ್ಟಿಗೆ ತೆರೆಯಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಸ್ಕ್ಯಾನರಿನ ಅಡ್ಮಿನ್ ಪಾಸ್‌ವರ್ಡ್ ಕಾರ್ಖಾನೆಯಿಂದ ಬಂದದ್ದೇ ಇದ್ದರೆ ಇವತ್ತೇ ಬದಲಿಸಿ. ಆ ಪುಟದಲ್ಲಿ ನಿಮ್ಮ ಮೇಲ್ ಮತ್ತು ಫೋಲ್ಡರಿನ ಪಾಸ್‌ವರ್ಡುಗಳಿವೆ.

ಸರ್ವೀಸಿನವರಿಗೆ ಫೋನ್ ಮಾಡುವಾಗ ‘ಸ್ಕ್ಯಾನ್ ಆಗ್ತಿಲ್ಲ’ ಎಂದಷ್ಟೇ ಹೇಳಬೇಡಿ. ಜೆರಾಕ್ಸ್ ಬರುತ್ತದೆಯೇ, ಲ್ಯಾನ್ ದೀಪ ಇದೆಯೇ, ಐಪಿ ಎಷ್ಟು, ಪಿಂಗ್ ಉತ್ತರ ಬಂತೇ, ಪಕ್ಕದ ಕಂಪ್ಯೂಟರಿನಿಂದ ಫೋಲ್ಡರಿಗೆ ಬರೆಯಲಾಯಿತೇ, ಪರದೆ ಮೇಲಿನ ಎರರ್ ಸಂಖ್ಯೆ ಏನು, ಯಾವ ದಿನದಿಂದ ಮತ್ತು ಅದರ ಹಿಂದಿನ ದಿನ ಏನು ಬದಲಾಯಿತು, ಇಷ್ಟನ್ನು ಹೇಳಿ. ಎಷ್ಟೋ ಸಲ ಅವರು ಬರುವ ಮೊದಲೇ ಫೋನಿನಲ್ಲೇ ಸರಿಯಾಗಿಬಿಡುತ್ತದೆ. ಮೆಷಿನ್ನನ್ನೇ ಒಯ್ಯುತ್ತೇವೆ ಎಂದರೆ ಒಳಗೆ ಹಾರ್ಡ್ ಡಿಸ್ಕ್ ಇದೆಯೇ ಕೇಳಿ. ದೊಡ್ಡ ಮೆಷಿನ್‌ಗಳಲ್ಲಿ ಸ್ಕ್ಯಾನ್ ಮಾಡಿದ ಕಾಗದಗಳ ಚಿತ್ರ ಅದರಲ್ಲೇ ಉಳಿದಿರಬಹುದು. ಸೆಟ್ಟಿಂಗಿನಲ್ಲಿ ಡಿಸ್ಕ್ ಅಳಿಸುವ ಆಯ್ಕೆ ಇರುತ್ತದೆ. ಅಡ್ರೆಸ್ ಬುಕ್ಕನ್ನು ಮೊದಲು ಕಂಪ್ಯೂಟರಿಗೆ ಇಳಿಸಿಕೊಂಡು, ಆಮೇಲೆ ಡಿಸ್ಕ್ ಅಳಿಸಿ, ಮೆಷಿನ್ ಕಳಿಸಿಕೊಡಿ.